ತುಂಬಿದ ಲೋಟಗಳನ್ನು ನಂಬಿದ್ದ ಕಾಲ

ಹೊಡೆತ ತಿಂದ ಹೆಂಗಸಿನ ಎದುರು ಕೂತು "ನಿನ್ನ ಕೈಯಲ್ಲಿ ಎಷ್ಟಾಗುತ್ತಮ್ಮಾ?" ಎಂದು ಕೇಳುವುದು ನನ್ನ ಕೆಲಸವಾಗಿತ್ತು. ನನಗೆ ಸಂಬಳ ಬರುತ್ತಿದ್ದದ್ದೇ ಆ ಪ್ರಶ್ನೆ ಕೇಳುವುದಕ್ಕೆ. ಈಗ ಮದುವೆ ಮನೆಗಳಲ್ಲಿ ಯಾರಾದರೂ ನೀವು ಏನು ಕೆಲಸದಲ್ಲಿದ್ರಿ ಎಂದರೆ ಸಮಾಜಸೇವೆ ಎಂದು ಹೇಳಿ ಬಿರಿಯಾನಿಯ ಮಾತು ತೆಗೆಯುತ್ತೇನೆ. ನಿಜ ಹೇಳಿದರೆ ಅವರಿಗೂ ಊಟ ಇಳಿಯುವುದಿಲ್ಲ, ನನಗೂ ಇಳಿಯುವುದಿಲ್ಲ. ಆದರೆ ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಹಾಗೆ ತಪ್ಪಿಸಿಕೊಳ್ಳುವ ಉತ್ತರ ಕೊಡಬಾರದು. ಅವರು ಆಗಾಗ ಮನೆಗೆ ಬರುತ್ತಾರೆ, ಕೈಯಲ್ಲಿ ಟ್ಯಾಬ್ ಇರುತ್ತದೆ, ನಿಮ್ಮ ಕಾಲದಲ್ಲಿ ಹೇಗೆ ಅಳೀತಿದ್ರಿ ಮೇಡಂ ಎಂದು ಕೇಳುತ್ತಾರೆ. ನಾನು ಶುರು ಮಾಡಿದರೆ ಅವರ ಟೀ ಆರಿಹೋಗುತ್ತದೆ, ನನ್ನ ಮಾತು ಅರ್ಧಕ್ಕೂ ಬಂದಿರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಹೆಸರು ಖಮರುನ್ನಿಸಾ. ತುಮಕೂರಿನಲ್ಲಿ ಅಪ್ಪನದು ಬಳೆ ಅಂಗಡಿ. ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ಕನ್ನಡ. ಹಳ್ಳಿಯ ಹೆಂಗಸರಿಗೆ ನನ್ನ ಹೆಸರು ಬಾಯಿಗೆ ಹೊಂದಲಿಲ್ಲ, ಕಮ್ರಕ್ಕ ಆದೆ. ನಾನು ದುಡಿದದ್ದು ತುಮಕೂರಿನ ಒಂದು ಸಣ್ಣ ಸಂಸ್ಥೆಯಲ್ಲಿ, ಅದರ ಹೆಸರು ಇಲ್ಲಿ ಬೇಡ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಗಂಡನಿಂದಲೋ ಗಂಡನ ಮನೆಯವರಿಂದಲೋ ಹಿಂಸೆಪಡುತ್ತಿರುವ ಹೆಂಗಸರನ್ನು ತಿಂಗಳಿಗೊಮ್ಮೆ ಅವರ ಮನೆಗೇ ಹೋಗಿ ಕಾಣಬೇಕು. ಆಸ್ಪತ್ರೆ ಬೇಕಾದರೆ ಆಸ್ಪತ್ರೆ, ಠಾಣೆ ಬೇಕಾದರೆ ಠಾಣೆ. ಅದರ ಜೊತೆಗೇ ಒಂದು ಅಳತೆ. ಎಷ್ಟು ಏಟು ಬಿತ್ತು ಎಂಬುದು ಆ ಅಳತೆಯಲ್ಲಿ ಇರಲಿಲ್ಲ. ಒಬ್ಬಳೇ ಬಸ್ ಹತ್ತುವುದು, ಠಾಣೆಯಲ್ಲಿ ತನ್ನ ಮಾತು ತಾನೇ ಹೇಳುವುದು, ಅವನ ಕೈ ಮೇಲೇಳುವ ಮೊದಲೇ ಮನೆಯಿಂದ ಹೊರಗೆ ಬರುವುದು, ಇವೆಲ್ಲ ತನ್ನಿಂದ ಆಗುತ್ತದೆ ಎಂದು ಅವಳು ಎಷ್ಟು ನಂಬಿದ್ದಾಳೆ ಎಂಬುದು ನಮಗೆ ಬೇಕಾಗಿತ್ತು. ಕಾಗದದ ಮೇಲೆ ಅದಕ್ಕೆ ಸ್ವಸಾಮರ್ಥ್ಯದ ನಂಬಿಕೆ ಎಂಬ ಹೆಸರು. ಆ ನಂಬಿಕೆ ಮೇಲೇರಿದ ಹೆಂಗಸು ಹೇಗಾದರೂ ಒಂದು ದಾರಿ ಹುಡುಕಿಕೊಳ್ಳುತ್ತಾಳೆ ಎಂಬುದು ನಮ್ಮೆಲ್ಲರ ಲೆಕ್ಕ.

ನನಗೆ ಸಿಕ್ಕ ಬಡ್ತಿಗಳ ವಿಷಯ ಬರೆಯುವುದಿಲ್ಲ. ಮೇಜು ಕಿಟಕಿ ಪಕ್ಕಕ್ಕೆ ಬಂತು, ಅಷ್ಟೆ.

ಮೊದಮೊದಲು ಅಂಕಗಳಲ್ಲಿ ಅಳೆಯುತ್ತಿದ್ದೆವು. ಸೊನ್ನೆ ಎಂದರೆ ಆಗುವುದೇ ಇಲ್ಲ, ಹತ್ತು ಎಂದರೆ ಖಂಡಿತ ಆಗುತ್ತದೆ. ಪಾಸಾಗಲು ಎಷ್ಟು ಬೇಕು ಎಂದು ಹೆಂಗಸರು ನನ್ನನ್ನೇ ಕೇಳುತ್ತಿದ್ದರು. ಇದು ಪರೀಕ್ಷೆಯಲ್ಲಮ್ಮಾ ಎಂದರೆ ನಂಬುತ್ತಿರಲಿಲ್ಲ. ಕುಣಿಗಲ್ ತಾಲ್ಲೂಕಿನ ಅಮೃತೂರಿನ ಹತ್ತಿರ ಒಬ್ಬಾಕೆ ಎಲ್ಲದಕ್ಕೂ ಸೊನ್ನೆ ಹಾಕಿಸಿದಳು. ಕುಡುಕ ಗಂಡ, ಮೈಮೇಲೆ ಬಾಸುಂಡೆ. ಅವಳು ಹಸುಗಳನ್ನು ಸಾಕಿ, ಡೈರಿಗೆ ಹಾಲು ಹಾಕಿ, ಮಗಳನ್ನು ಪಿಯುಸಿ ಓದಿಸುತ್ತಿದ್ದಳು. ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದೂ ಹಾಲು ಕರೆಯುತ್ತಲೇ. ಇಷ್ಟೆಲ್ಲ ನೀನೇ ತಾನೇ ಮಾಡ್ತಿರೋದು, ಸೊನ್ನೆ ಯಾಕೆ ಎಂದು ಕೇಳಿದೆ. ಅವಳು ಕೆಚ್ಚಲಿನಿಂದ ಕೈ ತೆಗೆಯದೆ ಹೇಳಿದಳು.

"ಅದು ಮಾಡ್ಲೇಬೇಕಲ್ಲಕ್ಕ. ಮಾಡ್ಲೇಬೇಕಾದ್ದನ್ನ ನನ್ ಕೈಲಾಯ್ತದೆ ಅಂತ ಹೇಳ್ಕೊಂಡು ತಿರುಗ್ತಾರಾ?"

ವಾಪಸ್ ಬರುವಾಗ ಪ್ರೈವೇಟ್ ಬಸ್ಸಿನಲ್ಲಿ ಹಾಡು ಕಿವಿಗೆ ಬಡಿಯುತ್ತಿತ್ತು, ನನ್ನ ತಲೆಯಲ್ಲಿ ಅವಳ ಮಾತು ಒಂದೇ. ಬೆಳಗಿನಿಂದ ರಾತ್ರಿವರೆಗೆ ಮಾಡುವುದನ್ನೆಲ್ಲ ಅವಳು ಲೆಕ್ಕಕ್ಕೇ ಇಟ್ಟಿರಲಿಲ್ಲ. ತನ್ನಿಂದ ಆಗುತ್ತದೆ ಎಂದು ಬಾಯಿಬಿಟ್ಟು ಹೇಳಿದರೆ ಜಂಬ, ಜೊತೆಗೆ ದೃಷ್ಟಿ ಬೇರೆ ತಾಗುತ್ತದೆ. ಬಾಯಲ್ಲಿ ಹೇಳಿಸುವವರೆಗೆ ನಮಗೆ ಸಿಗುವುದು ಸೊನ್ನೆಗಳೇ ಎಂದು ಆಫೀಸಿಗೆ ಬಂದು ವಸುಂಧರಾ ಮೇಡಂಗೆ ಹೇಳಿದೆ.

ಮೇಡಂ ನಮ್ಮ ಮುಖ್ಯಸ್ಥೆ. ಗಂಜಿ ಹಾಕಿದ ಕಾಟನ್ ಸೀರೆ, ಮೂಗಿನ ತುದಿಯಲ್ಲಿ ಕೋಪ. ಅವರ ಕೈಕೆಳಗೆ ಕೆಲಸ ಮಾಡಿದವರೆಲ್ಲ ಒಂದಲ್ಲ ಒಂದು ದಿನ ಬಾತ್‌ರೂಮಿಗೆ ಹೋಗಿ ಅತ್ತವರೇ. ನಾನು ಸೇರಿದ ಹೊಸದರಲ್ಲಿ ಒಬ್ಬ ಹೆಂಗಸನ್ನು, ಯಾಕಮ್ಮ ಇಷ್ಟು ವರ್ಷ ಸುಮ್ಮನಿದ್ದೆ, ಎಂದು ಕೇಳಿಬಿಟ್ಟಿದ್ದೆ. ಮೇಡಂ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು. "ಖಮರ್, ಆ ಪ್ರಶ್ನೆ ಅವಳ ಊರೆಲ್ಲ ಪುಕ್ಕಟೆ ಕೇಳುತ್ತೆ. ಅದಕ್ಕೆ ನಾನು ನಿನಗೆ ಸಂಬಳ ಕೊಡಬೇಕಾ?" ಎಂದರು. ಅವತ್ತು ಮೈಯೆಲ್ಲ ಉರಿದುಹೋಗಿತ್ತು. ಈಗ ಅದನ್ನೇ ಹೊಸ ಹುಡುಗಿಯರಿಗೆ ನನ್ನ ಸ್ವಂತ ಮಾತು ಎಂಬ ಹಾಗೆ ಹೇಳುತ್ತೇನೆ.

ಅಮೃತೂರಿನ ಸೊನ್ನೆಗಳ ಕಥೆ ಕೇಳಿದ ಮೇಡಂ ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ಸ್ಟೀಲ್ ಲೋಟ, ಒಂದು ಚೊಂಬು ತಂದು ಮೇಜಿನ ಮೇಲಿಟ್ಟರು. ಇನ್ನು ಮೇಲೆ ಅವರು ಹೇಳುವುದು ಬೇಡ, ಸುರಿಯಲಿ ಎಂದರು. ನಾವು ಒಂದೊಂದೇ ಪ್ರಶ್ನೆ ಕೇಳಬೇಕು. ತನ್ನಿಂದ ಎಷ್ಟಾಗುತ್ತದೋ ಅಷ್ಟು ನೀರನ್ನು ಅವಳು ಚೊಂಬಿನಿಂದ ಲೋಟಕ್ಕೆ ಸುರಿಯಬೇಕು. ಲೋಟದ ಒಳಗೆ ನಾವು ಗೀರು ಹಾಕಿಸಿದ್ದೆವು, ನೀರು ಯಾವ ಗೀರು ಮುಟ್ಟಿತು ಎಂದು ಬರೆದುಕೊಳ್ಳುವುದು. ಮೊದಲ ಸಲ ಹೆಂಗಸರು ಎಲ್ಲದಕ್ಕೂ ತಳಕ್ಕೆ ಒಂದಿಷ್ಟು ಹನಿಸಿ ನಿಲ್ಲಿಸುತ್ತಿದ್ದರು. ಮನೆಗೆ ಬಂದವರು ಎದುರಿಗೆ ಕೂತಿರುವಾಗ ತಮ್ಮ ಲೋಟ ತುಂಬಿಸಿಕೊಳ್ಳುವುದು ಮರ್ಯಾದೆಯಲ್ಲವಂತೆ. ಇದು ಕುಡಿಯುವುದಕ್ಕಲ್ಲ, ಅಳತೆಗೆ ಎಂದು ಬಿಡಿಸಿ ಹೇಳಿದ ಮೇಲೆ ಕೈ ಸಡಿಲವಾಯಿತು. ಬಾಯಿ ಸುಳ್ಳು ಹೇಳಿದರೂ ಕೈ ನಿಜ ಹೇಳುತ್ತಿತ್ತು. ಠಾಣೆಗೆ ಹೋಗ್ತೀನಿ ಬಿಡಿ ಎನ್ನುತ್ತಲೇ ಒಬ್ಬಳ ಕೈ ನಡುಗಿ ನೀರು ಲೋಟದ ಹೊರಗೆ ಬೀಳುತ್ತಿತ್ತು. ಇದು ಗೆದ್ದಿತು ಎಂದು ನಾನು ಹಿಗ್ಗಿಹೋದೆ.

ಆ ಹಿಗ್ಗಿನ ಕಾಲದಲ್ಲೇ ಮಂಜುಳ ನಮ್ಮ ಕೈಗೆ ಬಂದದ್ದು.

ನಿಟ್ಟೂರಿನಿಂದ ಸ್ವಲ್ಪ ಒಳಗಿನ ಒಂದು ಹಳ್ಳಿ. ಮಂಜುಳನಿಗೆ ಮೂವತ್ತರ ಆಸುಪಾಸು, ಮಗಳು ಮೂರನೇ ಕ್ಲಾಸು. ಗಂಡ ಲಗೇಜ್ ಆಟೊದಲ್ಲಿ ತೆಂಗಿನಕಾಯಿ ತುಂಬಿಕೊಂಡು ಗುಬ್ಬಿಗೆ ಹೊಡೆಯುವವನು. ಕುಡಿತವಿಲ್ಲ, ಇಸ್ಪೀಟಿಲ್ಲ, ಊರಿನಲ್ಲಿ ಒಳ್ಳೆಯ ಹುಡುಗ ಎಂದೇ ಹೆಸರು. ಹೊಡೆಯುತ್ತಿದ್ದದ್ದು ಬಾಗಿಲು ಹಾಕಿಕೊಂಡು. ಅತ್ತೆ ಪುಟ್ಟತಾಯಮ್ಮ ಆ ಹೊತ್ತಿಗೆ ಜಗುಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಆ ಊರಿನ ಆಶಾ ಕಾರ್ಯಕರ್ತೆ ನಮಗೆ ಸುದ್ದಿ ಕೊಟ್ಟಿದ್ದಳು. ಆಮೇಲೆ ನಾನು ತಿಂಗಳು ತಿಂಗಳೂ ಹೋಗತೊಡಗಿದೆ. ಹೊರಗಿನವರ ಕಣ್ಣು ಬಿದ್ದ ಮೇಲೆ ಗಂಡನ ಕೈ ಸ್ವಲ್ಪ ತಡೆದುಕೊಂಡಿತು. ನೀವು ಬರೋ ವಾರದಲ್ಲಿ ಹೊಡೆಯಲ್ಲ ಅಕ್ಕಾ ಎಂದು ಮಂಜುಳ ಮೆಲ್ಲಗೆ ಹೇಳಿದ್ದಳು. ಅಷ್ಟರಮಟ್ಟಿಗೆ ನನ್ನ ಬರುವಿಕೆಯೇ ಅವಳಿಗೆ ಔಷಧಿ.

ಮೊದಲ ಅಳತೆಯಲ್ಲಿ ಅವಳ ಲೋಟದ ತಳ ಮಾತ್ರ ಒದ್ದೆಯಾಗಿತ್ತು. ಒಬ್ಬಳೇ ಗುಬ್ಬಿಗೆ ಹೋಗಿ ಬರ್ತೀಯಾ ಎಂದರೆ, ಕಾರ್ಡ್ ಅತ್ತೆ ಹತ್ರ ಇದೆ ಎಂದಳು. ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಆಧಾರ್ ಕಾರ್ಡ್ ಕೈಯಲ್ಲಿದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಅದಕ್ಕೇ ಪುಟ್ಟತಾಯಮ್ಮ ಸೊಸೆಯ ಕಾರ್ಡನ್ನು ತನ್ನ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಳು. ಬಸ್ಸಿಗೆ ದುಡ್ಡು ಬೇಡವಾದರೆ ಹೆಂಗಸು ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಅವಳು ನಮಗಿಂತ ಮೊದಲೇ ತಿಳಿದುಕೊಂಡಿದ್ದಳು. ನಾನು ಆ ಚೀಲವನ್ನು ನೋಡಿ ನೋಡಿ ಹಲ್ಲು ಕಡಿಯುತ್ತಿದ್ದೆ.

ಆಮೇಲಾಮೇಲೆ ಮಂಜುಳನ ಲೋಟದಲ್ಲಿ ನೀರು ಏರಿತು. ಒಂದು ಗೀರು, ಇನ್ನೊಂದು ಗೀರು, ಕೊನೆಗೆ ಅಂಚಿನವರೆಗೆ. ಅವಳೊಬ್ಬಳದೇ ಅಲ್ಲ, ಆ ಹಳ್ಳಿಯಲ್ಲಿ ನಾವು ಹೋಗುತ್ತಿದ್ದ ಎಲ್ಲ ಮನೆಗಳಲ್ಲೂ ಲೋಟ ತುಂಬತೊಡಗಿತು. ತುಮಕೂರಿನ ಮೀಟಿಂಗಿನಲ್ಲಿ ಮೇಡಂ ಆ ಅಂಕಿಗಳನ್ನು ಪರದೆಯ ಮೇಲೆ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ನನ್ನನ್ನು ಎದ್ದು ನಿಲ್ಲಿಸಿದರು.

ಲೋಟ ತುಂಬಿದವರ ಕೇಸು ಮುಗಿಸಬೇಕು ಎಂಬುದು ನಿಯಮ. ನಾವು ಕೆಲವೇ ಜನ, ಕಾಯುತ್ತಿರುವ ಹೆಂಗಸರು ಬಹಳ. ಗಟ್ಟಿಯಾದವರನ್ನು ಬಿಟ್ಟು ಹೊಸಬರ ಕಡೆ ಹೋಗಲೇಬೇಕಾಗಿತ್ತು, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ ಸುಮ್ಮನೆ ಬಿಟ್ಟುಬರಲು ಮೇಡಂಗೆ ಮನಸ್ಸು ಒಪ್ಪಲಿಲ್ಲ. ಈ ಹೆಂಗಸರಿಗೆ ತವರಿನ ಆಸರೆ ಇಲ್ಲ, ನಾವೇ ತವರು ಎಂದು ಅವರಿಗೆ ಅನ್ನಿಸಬೇಕು ಎಂದರು. ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಹಾಕಿ ಕಳಿಸುವ ಮಡಿಲಕ್ಕಿಯ ಪದ್ಧತಿ ಇದೆಯಲ್ಲ, ಅದನ್ನೇ ಮಾಡೋಣ ಎಂದರು. ಕೇಳಿದ ನಮಗೆಲ್ಲ ಕಣ್ಣು ತುಂಬಿ ಬಂತು.

ಗುಬ್ಬಿಯಲ್ಲಿ ಒಂದು ಹಾಲ್ ಹಿಡಿದೆವು. ಹೆಂಗಸರ ಜೊತೆ ಅತ್ತೆಯರನ್ನೂ ಕರೆದಿದ್ದೆವು, ಅವರ ಮನಸ್ಸೂ ತಿಳಿಯಾಗಲಿ ಎಂದು. ಮಂಜುಳನ ಸರದಿ ಬಂದಾಗ ಮೇಡಂ ಅಕ್ಕಿಯ ಮೊರವನ್ನು ನನ್ನ ಕೈಗೆ ಕೊಟ್ಟರು. ನಾನು ಸಾಬರ ಹೆಂಗಸು, ಇದು ನನಗೆ ಹೇಗೆ ಒಪ್ಪುತ್ತದೆ ಎಂದು ಹಿಂದೆ ಸರಿದೆ. ಅವಳ ಮನೆಗೆ ಹೋಗಿ ಬಂದವಳು ನೀನು, ಅವಳ ತವರು ನೀನೇ ಎಂದು ಮೇಡಂ ಪಟ್ಟು ಹಿಡಿದರು. ಮಂಜುಳ ಸೆರಗು ಒಡ್ಡಿದಳು. ನಾನು ಮೊರದ ತುಂಬ ಇದ್ದ ಅಕ್ಕಿಯನ್ನು, ಇದ್ದಷ್ಟೂ, ಅವಳ ಸೆರಗಿಗೆ ಸುರಿದೆ. ಪುಟ್ಟತಾಯಮ್ಮ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದಳು. ಇನ್ನು ಮೇಲೆ ಇವರ ಮನೆಗೆ ನಾವು ಬರುವ ಅಗತ್ಯವೇ ಇಲ್ಲ, ಇವರು ಅಷ್ಟು ಗಟ್ಟಿಯಾಗಿದ್ದಾರೆ ಎಂದು ಮೇಡಂ ಮೈಕಿನಲ್ಲಿ ಹೇಳಿದರು. ಫೋಟೊ ತೆಗೆಸಿ ಆಫೀಸಿನ ಗೋಡೆಗೆ ಹಾಕಿದೆವು.

ಇದಾಗಿ ಎರಡು ಮೂರು ತಿಂಗಳಾಗಿತ್ತು. ಅದೇ ಹಳ್ಳಿಯಲ್ಲಿ ಇನ್ನೊಂದು ಮನೆಗೆ ಅಳತೆಗೆ ಹೋಗಿದ್ದೆ. ಸೊಸೆ ಹುಡುಗಿ, ಹೊಸಬಳು. ಠಾಣೆಯ ಪ್ರಶ್ನೆಗೆ ಅರ್ಧ ಲೋಟ ಸುರಿದು ಯೋಚನೆ ಮಾಡುತ್ತಿದ್ದಳು. ಒಳಗೆ ರಾಗಿ ಕೇರುತ್ತಿದ್ದ ಅವಳ ಅತ್ತೆ ಅಲ್ಲಿಂದಲೇ, ನನಗೂ ಕೇಳುವ ಹಾಗೆ, ಬುದ್ಧಿ ಹೇಳಿದಳು.

"ತುಂಬ ಹುಯ್ಯೇ. ಎಲ್ಲಾನೂ ತುಂಬ ಹುಯ್ದುಬುಟ್ರೆ ಮಡ್ಲಕ್ಕಿ ಹಾಕಿ ಕಳಿಸ್ಬುಡ್ತಾರೆ. ಆಮೇಲೆ ಇವರು ಬರಕಿಲ್ಲ."

ಹೇಳಿದ್ದರಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ನನ್ನ ಕೆಲಸ ಬೇಗ ಮುಗಿಯಲಿ ಎಂಬ ಉಪಕಾರದ ದನಿ. ಯಾರು ಹೇಳಿದ್ದಮ್ಮ ಇದನ್ನು ಎಂದು ಕೇಳಿದೆ. ಯಾರು ಹೇಳುವುದೇನು, ಇಡೀ ಊರಿಗೇ ಗೊತ್ತು, ಪುಟ್ಟತಾಯಿ ಸೊಸೆಗೂ ಹಾಗೇ ತಾನೇ ಆದದ್ದು ಎಂದಳು. ಆಮೇಲೆ ನನಗೇನೂ ತಿಳಿಯದು ಎಂದುಕೊಂಡು ಬಿಡಿಸಿ ಹೇಳಿದಳು. ತವರಿನವರು ಮಡಿಲಕ್ಕಿ ಹಾಕಿ ಕಳಿಸಿದ ಮೇಲೆ ಮುಗಿಯಿತು, ಹೆಣ್ಣು ಗಂಡನ ಮನೆಯದು, ಇನ್ನು ಅಲ್ಲಿ ನಡೆಯುವುದನ್ನು ತವರಿನವರು ಬಂದು ಕೇಳುವ ಹಾಗಿಲ್ಲ. ಪುಟ್ಟತಾಯಮ್ಮ ಆ ಹಾಲ್‌ನಿಂದ ಬಂದವಳೇ ನಲ್ಲಿಯ ಹತ್ತಿರ ನಿಂತು ಇದನ್ನೇ ಸಾರಿದ್ದಳಂತೆ, ಅವರಾಗೇ ಕಳಿಸಿಕೊಟ್ಟರು, ನಾವೇನೂ ಕೇಳಲಿಲ್ಲ ಎಂದು.

ಊರಿನ ಲೋಟಗಳು ಯಾಕೆ ತುಂಬಿದವು ಎಂದು ಆಗ ತಿಳಿಯಿತು. ಲೋಟ ತುಂಬಿದ ಮನೆಗೆ ನಾವು ಹೋಗುವುದಿಲ್ಲ ಎಂಬ ನಿಯಮ ಮಡಿಲಕ್ಕಿಗಿಂತ ಮೊದಲೇ ಅತ್ತೆಯರ ಕಿವಿಗೆ ಬಿದ್ದಿತ್ತು. ಮಂಜುಳನದು ನಿಜವಾಗಿಯೂ ಏರಿತ್ತೋ, ಏರಿಸಲಾಗಿತ್ತೋ? ಉಳಿದ ಹೆಂಗಸರದು? ನಾವು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ? ಆ ಹುಡುಗಿಯ ಅಳತೆಯನ್ನು ಅರ್ಧಕ್ಕೇ ಬಿಟ್ಟು, ಮುಂದಿನ ತಿಂಗಳೂ ಬಂದೇ ಬರ್ತೀನಿ ಎಂದು ಅವಳ ಅತ್ತೆಗೆ ಕೇಳುವಂತೆ ಹೇಳಿ, ಚೀಲ ಎತ್ತಿಕೊಂಡು ಮಂಜುಳನ ಮನೆಗೆ ನಡೆದೆ. ಮುಗಿದ ಕೇಸಿನ ಮನೆಗೆ ಹೋಗಬಾರದು ಎಂಬ ನಿಯಮ ಇತ್ತು. ನಿಯಮದ ಮನೆ ಹಾಳಾಗಲಿ ಅನ್ನಿಸಿತು.

ಪುಟ್ಟತಾಯಮ್ಮ ಜಗುಲಿಯ ಮೇಲೇ ಇದ್ದಳು. ಏನು ಬಂದಿರಿ, ಕಳಿಸಿಕೊಟ್ಟಾಯ್ತಲ್ಲ ಎಂದಳು. ಬಾಯಾರಿಕೆ, ಒಂದು ಲೋಟ ನೀರು ಕುಡಿದು ಹೋಗ್ತೀನಿ ಎಂದೆ. ನೀರು ಇಲ್ಲ ಎಂದು ಆ ಕಡೆ ಯಾರೂ ಹೇಳುವುದಿಲ್ಲ. ಮಂಜುಳ ನೀರು ತಂದಳು. ಎಡಗೈಯಲ್ಲಿ ತಂದಳು.

ಮನೆಗೆ ಬಂದವರಿಗೆ ಎಡಗೈಯಲ್ಲಿ ನೀರು ಕೊಡುವ ಹೆಂಗಸನ್ನು ನಾನು ಆ ಸೀಮೆಯಲ್ಲೇ ಕಂಡಿರಲಿಲ್ಲ. ಅವಳ ಬಲಗೈ ಸೆರಗಿನೊಳಗೆ ಹೊಟ್ಟೆಗೆ ಒತ್ತಿಕೊಂಡಿತ್ತು. ತಪ್ಪು ತಿಳ್ಕೋಬೇಡಿ ಅಕ್ಕಾ ಎಂದಳು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಪುಟ್ಟತಾಯಮ್ಮ ಕೂಡಲೇ ಸೇರಿಸಿದಳು. ನಾನು ಮಂಜುಳನ ಮುಖವನ್ನೇ ನೋಡುತ್ತಾ ಚೀಲದಿಂದ ಲೋಟ, ಚೊಂಬು ತೆಗೆದೆ. ಇದೊಂದು ಅಳತೆ ಬಾಕಿ ಇತ್ತು ಎಂದೆ. ಹಾಗೆ ಯಾವ ಅಳತೆಯೂ ಬಾಕಿ ಇರಲಿಲ್ಲ.

ಗುಬ್ಬಿಗೆ ಒಬ್ಬಳೇ ಹೋಗಬಲ್ಲೆಯಾ ಎಂದೆ. ಪೂರ್ತಿ ಸುರಿದಳು, ಎಡಗೈಯಲ್ಲೇ. ಗಂಡನ ಲಗೇಜ್ ಆಟೊವನ್ನು ನೀನೇ ಓಡಿಸಿಕೊಂಡು ಬೆಂಗಳೂರಿಗೆ ಹೋಗಬಲ್ಲೆಯಾ ಎಂದೆ. ಅಂಥ ಪ್ರಶ್ನೆ ನಮ್ಮ ಕಾಗದದಲ್ಲಿ ಇರಲಿಲ್ಲ. ಅದಕ್ಕೂ ಪೂರ್ತಿ ಸುರಿದಳು, ನನ್ನ ಮುಖ ನೋಡಲಿಲ್ಲ. ಅವಳು ಪ್ರಶ್ನೆಯನ್ನೇ ಕೇಳಿಸಿಕೊಳ್ಳುತ್ತಿರಲಿಲ್ಲ. ಇಷ್ಟು ತಿಂಗಳು ನಾನು ಬರೆದುಕೊಂಡು ಹೋದದ್ದು ಇದನ್ನೇ ಏನು?

ಲೋಟ ಖಾಲಿ ಮಾಡಿ ಅವಳ ಮುಂದಿಟ್ಟು ಕೊನೆಯದಾಗಿ ಕೇಳಿದೆ.

"ನಾನು ಇನ್ನು ಬರದೇ ಇದ್ರೂ ನಡೆಯುತ್ತಾ ಮಂಜುಳ?"

ಚೊಂಬು ಹಿಡಿದ ಕೈ ನಿಂತಿತು. ಹುಯ್ಯಿ ಮತ್ತೆ ಎಂದಳು ಪುಟ್ಟತಾಯಮ್ಮ. ಮಂಜುಳ ಸುರಿಯಲಿಲ್ಲ. ಏಯ್ ಹುಯ್ಯೇ ಎಂದು ಅತ್ತೆಯ ದನಿ ಜೋರಾಯಿತು. ಮಂಜುಳ ಚೊಂಬನ್ನು ಕೆಳಗಿಟ್ಟು ಎದ್ದು ಒಳಗೆ ಹೋದಳು. ಬರುವಾಗ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಮುಚ್ಚಳ ತೆಗೆದು ತೋರಿಸಿದಳು. ನಾನು ಹಾಕಿದ್ದ ಮಡಿಲಕ್ಕಿ. ಬೆಲ್ಲ ಕರಗಿ ಅಕ್ಕಿಗೆ ಮೆತ್ತಿಕೊಂಡಿತ್ತು, ಕೊಬ್ಬರಿ ಕಮಟುಗಟ್ಟಿತ್ತು, ಅಕ್ಕಿಯ ತುಂಬ ಹುಳ.

"ಬೇಯಿಸ್ಲಿಲ್ಲ ಅಕ್ಕಾ. ಬೇಯಿಸಿ ಉಂಡ್ರೆ ನೀವು ಕಳಿಸಿದ್ದನ್ನ ನಾನು ಒಪ್ಕೊಂಡಂಗಾಗ್ತದೆ. ಇದನ್ನ ವಾಪಸ್ ತಗೊಳ್ಳಿ."

ನಾವು ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಈ ಹೆಂಗಸು ಮೂಲೆಯಲ್ಲಿ ಬಚ್ಚಿಟ್ಟು, ಯಾವಾಗ ಹಿಂದಿರುಗಿಸಲಿ ಎಂದು ಕಾಯುತ್ತಿದ್ದಳು. ಯೋಚನೆ ಮಾಡಲು ಹೊತ್ತಿರಲಿಲ್ಲ. ತಲೆಯ ಮೇಲಿದ್ದ ಸೆರಗನ್ನು ಎಳೆದು ಎರಡೂ ಕೈಯಲ್ಲಿ ಹಿಡಿದು ಒಡ್ಡಿದೆ. ಅವಳು ಡಬ್ಬಿಯನ್ನು ನನ್ನ ಸೆರಗಿಗೆ ಮಗುಚಿದಳು. ಪುಟ್ಟತಾಯಮ್ಮ ಜಗುಲಿಯಿಂದ ಇಳಿದು ಬಂದಳು.

"ನೀವು ಸಾಬ್ರು. ಮಡ್ಲಕ್ಕಿ ಇಚಾರ ನಿಮಗೇನ್ ಗೊತ್ತು?"

"ಹಾಕಿದವಳು ನಾನೇ ಅಲ್ವೇನಮ್ಮ. ನೀವು ಮುಂದೆ ಕೂತು ನೋಡಿದ್ರಿ. ಅವತ್ತು ನಾನು ತವರಾಗಿದ್ದರೆ ಇವತ್ತೂ ತವರೇ. ವಾಪಸ್ ತಗೊಂಡಿದೀನಿ, ನಮ್ಮ ಮಗಳನ್ನೂ ಕರ್ಕೊಂಡು ಹೋಗ್ತೀನಿ."

ತವರಿನವರು ಮಡಿಲಕ್ಕಿ ವಾಪಸ್ ತೆಗೆದುಕೊಳ್ಳುವ ಪದ್ಧತಿ ಎಲ್ಲಾದರೂ ಉಂಟೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಬಹುಶಃ ಇಲ್ಲ. ಆದರೆ ಅದು ಪುಟ್ಟತಾಯಮ್ಮನಿಗೂ ತಿಳಿಯದು. ಅಷ್ಟರಲ್ಲಿ ನಲ್ಲಿಯ ಹತ್ತಿರದ ಹೆಂಗಸರು ಬಂದು ನಿಂತಿದ್ದರು, ನನ್ನ ಸೆರಗಿನ ಅಕ್ಕಿ ಎಲ್ಲರಿಗೂ ಕಾಣುತ್ತಿತ್ತು. ಮಗನಿಗೆ ಫೋನ್ ಮಾಡ್ತೀನಿ ಎಂದಳು. ಮಾಡಿ ಎಂದೆ. ಆಟೊ ಓಡಿಸುವಾಗ ಅವನು ಫೋನ್ ಎತ್ತುವುದಿಲ್ಲ ಎಂದು ಮಂಜುಳ ಮೆಲ್ಲಗೆ ಹೇಳಿ ಚಪ್ಪಲಿ ಮೆಟ್ಟಿಕೊಂಡಳು.

ನಾನು ಅಕ್ಕಿಯನ್ನು ಸೆರಗಿನಲ್ಲೇ ಗಂಟು ಕಟ್ಟಿಕೊಂಡೆ. ದಾರಿಯಲ್ಲಿ ಎಲ್ಲಿ ಅವನ ಆಟೊ ಎದುರಾಗುತ್ತದೋ ಎಂದು ಹೆದರುತ್ತಾ ಹೆಜ್ಜೆ ಹಾಕಿದೆ. ನಿಟ್ಟೂರಿನ ಸ್ಕೂಲಿನ ಮುಂದೆ ಮಂಜುಳ ನಿಂತಳು. ಮಗಳನ್ನು ಬಿಟ್ಟು ಬರಲ್ಲ ಎಂದಳು. ನಾನೇ ಮೇಷ್ಟರ ಹತ್ತಿರ ಮಾತಾಡುತ್ತೇನೆ ಎಂದು ಹೊರಟೆ. ಬೇಡ ಎಂದು ತಾನೇ ಒಳಗೆ ಹೋದಳು. ಕಿಟಕಿಯಾಚೆ ನಿಂತ ನನಗೆ ಎಲ್ಲ ಕೇಳುತ್ತಿತ್ತು. ಮೇಷ್ಟರು ಅನುಮಾನಪಟ್ಟರು, ಮಗುವಿನ ಅಪ್ಪನಿಗೆ ಒಂದು ಫೋನ್ ಹಚ್ಚುತ್ತೇನೆ ಎಂದರು. ಅವರ ಮೇಲೂ ತಪ್ಪಿಲ್ಲ. ಮಂಜುಳ ದನಿ ಏರಿಸಲಿಲ್ಲ.

"ಫೋನ್ ಬೇಡ ಸಾರ್. ನಾನು ಅವಳಮ್ಮ. ನನ್ ಮಗಳನ್ನ ನಾನು ಕರ್ಕೊಂಡು ಹೋಗ್ತಾ ಇದೀನಿ."

ಮೇಷ್ಟರು ಅವಳ ಕೈಯನ್ನು ನೋಡಿದರೋ ಏನೋ, ಮಗುವನ್ನು ಕಳಿಸಿದರು. ಆಧಾರ್ ಕಾರ್ಡ್ ಅತ್ತೆಯ ಚೀಲದಲ್ಲೇ ಉಳಿದಿತ್ತು. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಗುಬ್ಬಿಗೆ ಬಂದೆವು.

ಆಮೇಲಿನದನ್ನು ಮೊದಲು ಹೇಳಿಬಿಡುತ್ತೇನೆ, ಹುಡುಗಿಯರು ಅದನ್ನೇ ಕೇಳುತ್ತಾರೆ. ಮಂಜುಳ ಆ ಮನೆಗೆ ಹಿಂದಿರುಗಲಿಲ್ಲ. ಈಗ ತುಮಕೂರಿನ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸದಲ್ಲಿದ್ದಾಳೆ, ಮಗಳು ಅವಳ ಜೊತೆಗಿದ್ದಾಳೆ, ಕೇಸು ಕೋರ್ಟಿನಲ್ಲಿದೆ. ಅವತ್ತು ಸಂಜೆ ನಾನು ಆಫೀಸಿಗೆ ಹೋಗಿ ಸೆರಗಿನ ಗಂಟು ಬಿಚ್ಚಿ ಹುಳುಹಿಡಿದ ಅಕ್ಕಿಯನ್ನು ಮೇಡಂ ಮೇಜಿನ ಮೇಲೆ ಸುರಿದು, ಆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ಮೇಡಂ ಬೈಯಲಿಲ್ಲ. "ನಾನು ಅವರನ್ನ ಕಳಿಸಿಬಿಟ್ನಲ್ಲ ಖಮರ್" ಎಂದು ಒಂದೇ ಮಾತು ಹೇಳಿ ಗೋಡೆಯ ಫೋಟೊಗಳನ್ನು ತಾವೇ ಕುರ್ಚಿ ಹತ್ತಿ ಇಳಿಸಿದರು. ಮಾರನೆಯ ದಿನದಿಂದ ಮಡಿಲಕ್ಕಿ ಹಾಕಿ ಕಳಿಸಿದ ಎಲ್ಲ ಮನೆಗಳಿಗೂ ಮತ್ತೆ ಹೊರಟೆವು. ಮೇಡಂ ಕೂಡ ನಮ್ಮ ಜೊತೆ ಬಿಸಿಲಿನಲ್ಲಿ ಅಲೆದರು. ಕೆಲವರು ನಿಜವಾಗಿಯೂ ಗಟ್ಟಿಯಾಗಿದ್ದರು. ಕೆಲವು ಮನೆಗಳಲ್ಲಿ ನೋಡಿದ್ದನ್ನು ಬರೆಯುವ ಶಕ್ತಿ ನನಗಿಲ್ಲ. ಅಳತೆ ಬಿಡಲಿಲ್ಲ, ಇವತ್ತಿಗೂ ನಡೆಯುತ್ತಿದೆ. ಆದರೆ ಅಳತೆಗೂ ನಮ್ಮ ಬರುವಿಕೆಗೂ ಇದ್ದ ಗಂಟನ್ನು ಮೇಡಂ ಕತ್ತರಿಸಿಹಾಕಿದರು. ಲೋಟ ತುಂಬಿದರೂ ಬರುತ್ತೇವೆ, ತುಂಬದಿದ್ದರೂ ಬರುತ್ತೇವೆ. ಸಾಕು, ಇನ್ನು ಬೇಡ ಎಂದು ಹೆಂಗಸು ತಾನಾಗಿ, ಮನೆಯ ಹೊರಗೆ ಸಿಕ್ಕಿ ಹೇಳುವವರೆಗೆ ಬರುತ್ತೇವೆ. ಇದರಿಂದ ಕೆಲಸ ಮೈಮೇಲೆ ಬಿತ್ತು, ಹೊಸ ಕೇಸುಗಳು ತಡವಾದವು, ದುಡ್ಡು ಕೊಡುವವರು ಮುನಿಸಿಕೊಂಡರು. ನೀವು ಸೇರುವ ಹೊತ್ತಿಗೂ ಆ ಜಗಳ ಮುಗಿದಿರುವುದಿಲ್ಲ, ಮೊದಲೇ ತಿಳಿದುಕೊಂಡಿರಿ.

ಇಷ್ಟು ಹೇಳಿದ ಮೇಲೆ ಹುಡುಗಿಯರು ಸಮಾಧಾನವಾಗಿ ಎದ್ದು ಹೊರಡುತ್ತಾರೆ. ಆಸ್ಪತ್ರೆಯ ವಿಷಯ ನಾನು ಅವರಿಗೆ ಹೇಳಿಲ್ಲ.

ಬಸ್ಸಿಳಿದ ಮೇಲೆ ಗುಬ್ಬಿಯಲ್ಲಿ ಮೊದಲು ಹೋದದ್ದು ಆಸ್ಪತ್ರೆಗೆ. ನನ್ನ ಸೆರಗಿನಲ್ಲಿ ಇನ್ನೂ ಆ ಅಕ್ಕಿಯ ಗಂಟು. ಮಗು ಬೆಂಚಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿತ್ತು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು. ಮೊಣಕೈ ಕೆಳಗಿನ ಮೂಳೆಯಲ್ಲಿ ಎರಡು ಕಡೆ ಬೆರಳಿಟ್ಟು ತೋರಿಸಿದರು. ಇದು ಹೊಸದು, ಒಂದು ವಾರದ್ದು ಇರಬಹುದು. ಇದು ಹಳೆಯದು, ಮುರಿದು ಹಾಗೇ ಸೊಟ್ಟಗೆ ಕೂಡಿಕೊಂಡಿದೆ, ಆಗ ಯಾರಿಗೆ ತೋರಿಸಿದಿರಿ ಎಂದು ಕೇಳಿದರು. ಹಳೆಯದರ ವಿಷಯ ನನಗೆ ಗೊತ್ತೇ ಇರಲಿಲ್ಲ. ಮಂಜುಳನ ಕಡೆ ತಿರುಗಿದೆ. ತಿಂಗಳು ತಿಂಗಳೂ ಎದುರಿಗೆ ಕೂತು ನೋಡಿದ್ದೇನೆ, ಇದು ಯಾವಾಗ ಆಯಿತೇ ಎಂದು ಕೇಳಿದೆ.

ಮಡಿಲಕ್ಕಿಯ ಹಿಂದಿನ ದಿನ ಎಂದಳು. ಮನೆಯಲ್ಲಿ ನಾಳೆಯ ಮಾತು ಬಂದಿತ್ತಂತೆ. ಇನ್ನೊಂದಷ್ಟು ದಿನ ಅವರು ಬರ್ಲಿ ಬುಡಿ ಎಂದು ಇವಳು ಗಂಡನಿಗೆ ಹೇಳಿದ್ದಳಂತೆ. ಅಷ್ಟೇ ಹೇಳಿದ್ದು ಎಂದಳು.

ಅವತ್ತು ಆ ಹಾಲ್‌ನಲ್ಲಿ ಅವಳ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ, ನೆನಪಿಗೆ ಬಂದದ್ದು ನನ್ನದೇ ನಗು. ಎರಡೂ ಕೈಯಲ್ಲಿ ಸೆರಗು ಒಡ್ಡಿ ನಿಂತಿದ್ದೆಯಲ್ಲ, ನಾನು ಸುರಿದೇ ಸುರಿದೆನಲ್ಲ, ಒಂದು ಮಾತು ಹೇಳಬಾರದಿತ್ತೇನೇ ಎಂದೆ.

ಮಂಜುಳ ನನ್ನ ಸೆರಗಿನ ಗಂಟನ್ನು ನೋಡಿದಳು.

"ಅತ್ತೆ ಎದುರಿಗೇ ಕೂತಿದ್ರಲ್ಲ ಅಕ್ಕಾ" ಎಂದಳು. ಎಡಗೈಯಿಂದ ಆ ಗಂಟನ್ನು ಮುಟ್ಟಿದಳು. "ಅವತ್ತು ಅಕ್ಕಿ ಬಾಳ ಭಾರ ಇತ್ತು."